ನಾಮಿನಿ ಕಾಲಮ್ಮಿನ ಹೆಸರು

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ಕಾರ್ಗೋ ಗೇಟಿನ ಮುಂದೆ ಒಮ್ಮೆ ನಸುಕಿನಲ್ಲಿ ನಿಂತಿದ್ದೆ. ದೋಹಾದಲ್ಲಿ ತೀರಿಕೊಂಡ ನೆರೆಮನೆಯ ಹುಡುಗನ ಪೆಟ್ಟಿಗೆ ಬರುವುದಿತ್ತು. ಅವನ ಅಣ್ಣನ ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. ಅದರೊಳಗೆ ಮರಣ ಪ್ರಮಾಣಪತ್ರ, ರದ್ದಾದ ಪಾಸ್‌ಪೋರ್ಟಿನ ಪ್ರತಿ, ರಾಯಭಾರ ಕಚೇರಿಯ ಒಪ್ಪಿಗೆ ಪತ್ರ, ದೇಹ ಕೆಡದಂತೆ ಔಷಧ ಹಾಕಿದ್ದಕ್ಕೆ ಆಸ್ಪತ್ರೆ ಕೊಟ್ಟ ಚೀಟಿ. ಎಲ್ಲವೂ ವಾಟ್ಸಾಪಿನಲ್ಲಿ ಬಂದು ಊರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಆದವು. ಇಷ್ಟನ್ನೂ ಮಾಡಿ ಕಳಿಸಿದವರು ಯಾರು ಎಂದು ಕೇಳಿದೆ. "ಅಲ್ಲಿ ಒಂದು ಸಂಘದವರು ಉಂಟು. ಅವರ ಮುಖ ನಾವು ನೋಡಿದ್ದಿಲ್ಲ. ರಾತ್ರಿ ಹನ್ನೆರಡಕ್ಕೂ ಅವರೇ ಫೋನ್ ಮಾಡ್ತಿದ್ರು" ಎಂದರು ಅಣ್ಣ.

ಆ ಸಂಘದ ಹೆಸರು ಇಂಡಿಯನ್ ಕಮ್ಯುನಿಟಿ ಬೆನೆವೊಲೆಂಟ್ ಫೋರಂ. ದೋಹಾದ ಭಾರತೀಯರ ಬಾಯಲ್ಲಿ ಬರೀ ಐಸಿಬಿಎಫ್. ಶುರುವಾದದ್ದು 1984ರಲ್ಲಿ, ನಡೆಯುವುದು ಭಾರತೀಯ ರಾಯಭಾರ ಕಚೇರಿಯ ಆಶ್ರಯದಲ್ಲಿ. ದುಡಿಯುವವರು ಸ್ವಯಂಸೇವಕರು, ಹಗಲಿಡೀ ತಮ್ಮ ತಮ್ಮ ಡ್ಯೂಟಿ ಮುಗಿಸಿ, ಸಂಜೆ ಮತ್ತು ರಜೆಯ ಶುಕ್ರವಾರಗಳನ್ನು ಇದಕ್ಕೆ ಕೊಡುವವರು. ಕತಾರಿನಲ್ಲಿ ಇಂದು 8 ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ. ಸುಮಾರು 30 ಲಕ್ಷ ಜನರಿರುವ ದೇಶದಲ್ಲಿ ನಾಲ್ವರಲ್ಲಿ ಒಬ್ಬರು ನಮ್ಮವರು ಎಂದಾಯಿತು. ಅವರಲ್ಲಿ ಎಂಜಿನಿಯರು, ವೈದ್ಯರು, ವ್ಯಾಪಾರಿಗಳಿದ್ದಾರೆ. ಬಹುಪಾಲು ಜನ ಮಾತ್ರ ಕಟ್ಟಡ, ರಸ್ತೆ, ಹೋಟೆಲು, ಡ್ರೈವಿಂಗು, ಮನೆಗೆಲಸಗಳಲ್ಲಿ ದುಡಿಯುವವರು, ಒಂದೇ ಕೋಣೆಯಲ್ಲಿ ಆರೆಂಟು ಮಂದಿ ಮಂಚದ ಮೇಲೆ ಮಂಚ ಹಾಕಿ ಮಲಗುವವರು. ಐಸಿಬಿಎಫ್ ಇರುವುದು ಮುಖ್ಯವಾಗಿ ಅವರಿಗಾಗಿ.

ದೇಶದ ಗಡಿ ದಾಟಿ ಬಡತನದ ವಿರುದ್ಧ ಕೆಲಸ ಮಾಡುವ ದೊಡ್ಡ ಸಂಸ್ಥೆಗಳು ದೋಹಾದಲ್ಲಿ ಬೇರೆಯೂ ಇವೆ. 1992ರ ಕತಾರ್ ಚಾರಿಟಿ, ಕತಾರಿನ ರಾಜಮನೆತನದ ಶೇಖಾ ಮೋಜಾ 2012ರಲ್ಲಿ ಕಟ್ಟಿದ ಎಜುಕೇಶನ್ ಅಬವ್ ಆಲ್ ಆಫ್ರಿಕಾ, ಏಷ್ಯಾಗಳ ಹಳ್ಳಿಗಳವರೆಗೆ ಶಾಲೆಯನ್ನೂ ಆಹಾರವನ್ನೂ ಮುಟ್ಟಿಸುತ್ತವೆ. ಅವುಗಳ ಪಕ್ಕದಲ್ಲಿಟ್ಟರೆ ಐಸಿಬಿಎಫ್ ಬಹಳ ಚಿಕ್ಕದು. ಆದರೂ ಬಡತನದ ಮಾತು ಬಂದಾಗ ನನಗೆ ಮೊದಲು ನೆನಪಾಗುವುದು ಇದೇ ಸಂಘ. ಉಡುಪಿ, ಭಟ್ಕಳ, ಕಾಸರಗೋಡಿನ ಎಷ್ಟೋ ಮನೆಗಳು ಹಂಚಿನಿಂದ ತಾರಸಿಗೆ ಏರಿದ್ದು, ತಂಗಿಯ ಮದುವೆ ಆದದ್ದು, ತಮ್ಮ ಡಿಪ್ಲೊಮಾ ಓದಿದ್ದು ಒಬ್ಬ ಗಲ್ಫಿಗೆ ಹೋದದ್ದರಿಂದ. ಆ ಮನೆಗೆ ಇರುವ ಕಂಬ ಒಂದೇ. ಅದು ಬಿದ್ದರೆ ಮನೆ ಮೊದಲಿದ್ದ ಜಾಗಕ್ಕಲ್ಲ, ಅದಕ್ಕಿಂತ ಕೆಳಕ್ಕೆ ಇಳಿಯುತ್ತದೆ, ವೀಸಾಕ್ಕೆ ಮಾಡಿದ ಸಾಲ ಆಗಲೂ ಬಾಕಿ ಇರುತ್ತದಲ್ಲ! ವಿದೇಶಕ್ಕೆ ಕೆಲಸಕ್ಕೆ ಕಳಿಸುವ ನೋಂದಾಯಿತ ಏಜೆಂಟು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ ಎಂದು ನಮ್ಮ ಕಾನೂನು ಹೇಳುತ್ತದೆ. ಅಷ್ಟರಲ್ಲೇ ಮುಗಿಸಿ ವಿಮಾನ ಹತ್ತಿದವರನ್ನು ನಾನು ಕಂಡದ್ದು ಕಡಿಮೆ. ಮೇಲೆ ಹತ್ತಿದ ಮನೆ ಒಂದೇ ಏಟಿಗೆ ಕೆಳಗುರುಳದಂತೆ ಹಿಡಿಯುವುದು ಕೂಡ ಬಡತನದ ವಿರುದ್ಧದ ಕೆಲಸವೇ. ಐಸಿಬಿಎಫ್ ಮಾಡುತ್ತಿರುವುದು ಅದನ್ನು.

ಸಂಬಳ ನಿಂತವನು ಬರುತ್ತಾನೆ. ಪಾಸ್‌ಪೋರ್ಟು ಕಫೀಲನ, ಅಂದರೆ ಕೆಲಸಕ್ಕೆ ಕರೆಸಿಕೊಂಡ ಧಣಿಯ, ಕೈಯಲ್ಲಿ ಸಿಕ್ಕಿಕೊಂಡವಳು ಬರುತ್ತಾಳೆ. ಊರಿಗೆ ಟಿಕೆಟ್ ಇಲ್ಲದವರಿಗೆ ಟಿಕೆಟ್ ಆಗಬೇಕು, ಆಸ್ಪತ್ರೆಯಲ್ಲಿ ಹೇಳುವವರು ಕೇಳುವವರಿಲ್ಲದೆ ಮಲಗಿದವನನ್ನು ನೋಡಬೇಕು, ಜೈಲಿನಲ್ಲಿರುವವರನ್ನು ಭೇಟಿಯಾಗಬೇಕು. ದೂರದ ಕಾರ್ಮಿಕರ ಕ್ಯಾಂಪುಗಳಲ್ಲಿ ವೈದ್ಯಕೀಯ ಶಿಬಿರಗಳು ನಡೆಯುತ್ತವೆ. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ಸನಾಯ್ಯ, ಅಂದರೆ ಇಂಡಸ್ಟ್ರಿಯಲ್ ಏರಿಯಾದ ಒಂದು ಭಾಗವನ್ನೇ ಮುಚ್ಚಿದಾಗ, ಅಕ್ಕಿ ಬೇಳೆಯ ಚಿಂತೆ ಹೊತ್ತವರಲ್ಲಿ ಭಾರತೀಯ ಸಂಘಗಳ ಇಂಥ ಸ್ವಯಂಸೇವಕರೂ ಇದ್ದರು.

ಅತಿ ಕಷ್ಟದ ಕೆಲಸ ಮಾತ್ರ ದೇಹವನ್ನು ಊರಿಗೆ ಕಳಿಸುವುದೇ. ಸತ್ತವನ ಕಂಪನಿಯಿಂದ ಪತ್ರ ಬರಬೇಕು, ಆಸ್ಪತ್ರೆ ಮತ್ತು ಪೊಲೀಸರ ವರದಿ ಬೇಕು, ಮರಣ ಪ್ರಮಾಣಪತ್ರ ಆಗಬೇಕು. ಊರಿನಿಂದ ಹೆಂಡತಿಯೋ ತಂದೆಯೋ ಒಪ್ಪಿಗೆ ಬರೆದು ಕಳಿಸಬೇಕು. ರಾಯಭಾರ ಕಚೇರಿ ಪಾಸ್‌ಪೋರ್ಟು ರದ್ದು ಮಾಡಬೇಕು. ಕೊನೆಗೆ ಪೆಟ್ಟಿಗೆ, ವಿಮಾನದಲ್ಲಿ ಕಾರ್ಗೋ ಜಾಗ. ಇವುಗಳಲ್ಲಿ ಒಂದು ತಪ್ಪಿದರೂ ಶವಾಗಾರದಲ್ಲಿ ದಿನಗಳು ಸೇರುತ್ತ ಹೋಗುತ್ತವೆ. ಇತ್ತ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲ. ಖರ್ಚಿಗೆ ಕಂಪನಿ ಕೈಯೆತ್ತಿದರೆ ಸರಕಾರದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಅದು 2009ರಲ್ಲಿ ಆರಂಭವಾದದ್ದು. ಪಾಸ್‌ಪೋರ್ಟಿನಂಥ ಸೇವೆಗೆ ಬಂದ ಪ್ರತಿಯೊಬ್ಬ ಭಾರತೀಯನೂ ಕೊಡುವ ಸಣ್ಣ ಮೊತ್ತವೇ ಅದರ ಮೂಲ. ಅಂದರೆ ಒಬ್ಬನ ಪೆಟ್ಟಿಗೆಗೆ ಗುರುತಿಲ್ಲದ ಸಾವಿರ ಜನ ಹೆಗಲು ಕೊಟ್ಟಿರುತ್ತಾರೆ. ಹಣ ಆ ನಿಧಿಯದ್ದು, ಓಡಾಟ ಸ್ವಯಂಸೇವಕರದ್ದು.

ಇನ್ನು ವಿಮೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಇದು ಗೊತ್ತಿರುವವರು ಕಡಿಮೆ. ಕೆಲಸದ ವೇಳೆ ಅಪಘಾತವಾಗಿ ಸತ್ತರೆ ಕತಾರಿನ ಕಾನೂನಿನಂತೆ ಪರಿಹಾರ ಉಂಟು. ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕಾದ ಪಾಸ್‌ಪೋರ್ಟಿನಲ್ಲಿ ಹೋಗುವವರಿಗೆ ನಮ್ಮ ಸರಕಾರದ ಪ್ರವಾಸಿ ಭಾರತೀಯ ಬಿಮಾ ಯೋಜನೆ 10 ಲಕ್ಷ ರೂಪಾಯಿ ಕೊಡುತ್ತದೆ, ಅದೂ ಅಪಘಾತವಾದರೆ. ಆದರೆ ರಾತ್ರಿ ಊಟ ಮಾಡಿ ಮಲಗಿದ ಮೂವತ್ತೈದರ ಹುಡುಗ ಬೆಳಗ್ಗೆ ಏಳದಿದ್ದರೆ? ಪ್ರಮಾಣಪತ್ರದಲ್ಲಿ ಸಹಜ ಸಾವು, ಹೃದಯಸ್ತಂಭನ ಎಂದು ಬೀಳುತ್ತದೆ. ಎರಡೂ ಕಡೆಯಿಂದ ಪರಿಹಾರವಿಲ್ಲ. ಕತಾರಿನಲ್ಲಿ 2009ರಿಂದ 2017ರ ನಡುವೆ ಸತ್ತ 1,300ಕ್ಕೂ ಹೆಚ್ಚು ನೇಪಾಳಿ ಕಾರ್ಮಿಕರ ಲೆಕ್ಕ ಹಿಡಿದು 2019ರಲ್ಲಿ 'ಕಾರ್ಡಿಯಾಲಜಿ' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಹೃದಯದ ಸಾವುಗಳಿಗೂ ಬಿಸಿಲಿಗೂ ಇರುವ ನಂಟನ್ನು ತೋರಿಸಿತ್ತು. 2021ರಿಂದ ಅಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಅದೇ ವರ್ಷ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನವೂ ಜಾರಿಗೆ ಬಂತು. ಒಳ್ಳೆಯ ಬದಲಾವಣೆಗಳೇ. ಆದರೆ ಸಹಜ ಸಾವು ಎಂಬ ಆ ಎರಡು ಪದಗಳ ಹಿಂದೆ ಬರಿಗೈಯಲ್ಲಿ ಉಳಿಯುವ ಮನೆಗೆ ಇವು ಉತ್ತರವಲ್ಲ.

ಐಸಿಬಿಎಫ್ ವಿಮೆ ಹುಟ್ಟಿದ್ದು ಆ ತೂತಿಗೆ ತೇಪೆಯಾಗಿ. ಎರಡು ವರ್ಷಕ್ಕೆ 125 ರಿಯಾಲ್ ಕಟ್ಟಿದರೆ, ಸಾವು ಯಾವ ಕಾರಣದಿಂದ ಬಂದರೂ ಕುಟುಂಬಕ್ಕೆ 1 ಲಕ್ಷ ರಿಯಾಲ್. ನಮ್ಮ ಲೆಕ್ಕದಲ್ಲಿ 20 ಲಕ್ಷ ರೂಪಾಯಿಗೂ ಮೇಲೆ. ಎರಡು ವರ್ಷಕ್ಕೆ 125 ಎಂದರೆ ತಿಂಗಳಿಗೆ ಐದು ರಿಯಾಲ್ ಚಿಲ್ಲರೆ. ಕ್ಯಾಂಪಿನ ಹುಡುಗರು ಚಹಾಕ್ಕೆ ಅದಕ್ಕಿಂತ ಜಾಸ್ತಿ ಕೊಡುತ್ತಾರೆ. ಆದರೂ ಕಟ್ಟಿಸುವುದು ಸುಲಭವಲ್ಲವಂತೆ. ಸಾವಿನ ಮಾತು ಯಾರಿಗೆ ಬೇಕು? "ಈಗೇನು ಅವಸರ, ಮುಂದಿನ ತಿಂಗಳು ನೋಡುವ" ಎನ್ನುತ್ತಾರೆ.

ಅವರನ್ನು ಒಪ್ಪಿಸಲು ಅವರ ಮಾತಿನಲ್ಲೇ ಹೇಳಬೇಕು, ಇಲ್ಲೇ ಭಾಷೆಯ ಪ್ರಶ್ನೆಯೂ ಬರುತ್ತದೆ. ಕತಾರಿನ ಭಾರತೀಯರಲ್ಲಿ ಮಲಯಾಳಿಗಳು ಬಹಳ. ಅವರ ಬೆನ್ನಿಗೆ ಕೇರಳ ಸರಕಾರ 1996ರಲ್ಲೇ ಅನಿವಾಸಿಗಳಿಗೆಂದು ನೋರ್ಕಾ ಎಂಬ ಪ್ರತ್ಯೇಕ ಇಲಾಖೆ ತೆರೆದಿದೆ. ನಮಗಿರುವುದು ಅನಿವಾಸಿ ಭಾರತೀಯ ಸಮಿತಿ. ಅದಕ್ಕೊಂದು ಇಲಾಖೆಯ ಬಲ ಕೊಡಿ ಎಂಬ ಗಲ್ಫ್ ಕನ್ನಡಿಗರ ಬೇಡಿಕೆ ಹಳೆಯದು, ನ್ಯಾಯವಾದದ್ದು. ಕರ್ನಾಟಕ ಸಂಘ ಕತಾರ್, ತುಳು ಕೂಟ, ಸೌತ್ ಕೆನರಾ ಮುಸ್ಲಿಂ ವೆಲ್ಫೇರ್ ಅಸೋಸಿಯೇಶನ್‌ನಂಥ ನಮ್ಮ ಸಂಘಗಳು ರಾಜ್ಯೋತ್ಸವ, ಯಕ್ಷಗಾನ, ಇಫ್ತಾರ್ ಮಾಡುವುದರ ಜೊತೆಗೆ ಕಷ್ಟದಲ್ಲಿರುವವರನ್ನು ಐಸಿಬಿಎಫ್‌ಗೆ ಮುಟ್ಟಿಸುವ ಸೇತುವೆಯ ಕೆಲಸವನ್ನೂ ಮಾಡುತ್ತವೆ. ಗಾಬರಿಯಾದ ಮನುಷ್ಯನಿಗೆ ತುಳುವಿನಲ್ಲೋ ಬ್ಯಾರಿಯಲ್ಲೋ ಕನ್ನಡದಲ್ಲೋ "ಕೂತ್ಕೊ, ಮೊದಲು ನೀರು ಕುಡಿ" ಎಂದು ಹೇಳುವವರು ಬೇಕಲ್ಲವೇ.

ದೋಹಾಕ್ಕೆ ಹೋಗಿದ್ದಾಗ ಒಂದು ಕ್ಯಾಂಪಿನಲ್ಲಿ ಶುಕ್ರವಾರ ಸಂಜೆ ವಿಮೆಯ ಅರ್ಜಿ ತುಂಬುವುದನ್ನು ನೋಡಿದೆ. ಮೆಸ್ಸಿನ ಉದ್ದ ಮೇಜು, ಮೇಲೆ ಬತಾಕಾಗಳ, ಅಂದರೆ ಕತಾರಿನ ಗುರುತಿನ ಚೀಟಿಗಳ, ಪ್ರತಿಗಳ ರಾಶಿ. ಶಟರಿಂಗ್ ಕೆಲಸದ ಒಬ್ಬಾತನ ಸರದಿ. ಬೆರಳ ಸಂದಿಯಲ್ಲಿ ಇನ್ನೂ ಸಿಮೆಂಟು. ನಾಮಿನಿ ಯಾರು ಎಂದಾಗ ಹೆಂಡತಿ ಎಂದ. ಪಾಸ್‌ಪೋರ್ಟು ಮದುವೆಗೆ ಮೊದಲೇ ಮಾಡಿಸಿದ್ದು, ಅದರಲ್ಲಿ ಹೆಂಡತಿಯ ಜಾಗ ಖಾಲಿ. ಹೆಸರು ಕಾವೇರಿ. ಸ್ವಯಂಸೇವಕ ಪೆನ್ನು ಕೆಳಗಿಟ್ಟ. "ಆಧಾರಿನಲ್ಲಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಸ್ಪೆಲ್ಲಿಂಗ್ ಹೇಗುಂಟು? ಒಂದಕ್ಷರ ಆಚೆ ಈಚೆ ಆದರೆ ನಾಳೆ ಅವರೇ ಅಲೆಯಬೇಕಾಗುತ್ತದೆ." ಆತ ತಲೆ ಕೆರೆದುಕೊಂಡು ಮನೆಗೆ ಫೋನ್ ಹಚ್ಚಿದ. ಯಾಕೆ, ಏನು ಎಂದು ಹೇಳಲಿಲ್ಲ. ಪಾಸ್‌ಬುಕ್ ತೆಗೆದು ಹೆಸರು ಓದು ಎಂದಷ್ಟೇ ಕೇಳಿದ. ಸ್ಪೀಕರಿನಲ್ಲಿ ಕಪಾಟಿನ ಬಾಗಿಲ ಸದ್ದು, ಯಾವುದೋ ಮಗುವಿನ ಅಳು, ಆಮೇಲೆ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ, ತಡವರಿಸುತ್ತ ಓದುವ ದನಿ. ಕೆ. ಎ. ವಿ. ಇ. ಇನ್ನೊಂದು ಇ. ಆರ್. ಐ. ಸ್ವಯಂಸೇವಕ ಚೌಕದೊಳಗೆ ಒಂದೊಂದೇ ಅಕ್ಷರ ಬರೆದುಕೊಂಡ, ಮತ್ತೊಮ್ಮೆ ಓದಿ ಹೇಳಲು ಕೇಳಿಕೊಂಡ.