ಕೀಲಿಮಣೆಯೊಳಗಿನ ಕಾಗುಣಿತ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಕೇಳಲು ಬಂದ ಹಿರಿಯ ವಿದ್ಯಾರ್ಥಿಗಳು, "ಮಾಸ್ತರೇ, ಗಣಕಯಂತ್ರದಲ್ಲೇ ಟೈಪು ಮಾಡಿ ಕೊಡಿ" ಎಂದರು. ಎಪ್ಪತ್ತು ದಾಟಿದ ನನಗೆ ಅದೊಂದು ಪರೀಕ್ಷೆಯೇ ಆಯಿತು. ಅದರಲ್ಲಿ ತೇರ್ಗಡೆಯಾದ ಬಗೆಯನ್ನು ಇಲ್ಲಿ ವಿವರಿಸುತ್ತೇನೆ.

ಅಧ್ಯಾಪಕನಾಗಿದ್ದಾಗ ನಾನು ಕನ್ನಡ ಬೆರಳಚ್ಚು ಯಂತ್ರವನ್ನು ಕಲಿಯಹೊರಟು ಸೋತಿದ್ದೆ. ಆ ಯಂತ್ರಕ್ಕೆ ಬೇಕಾದುದು ಅಕ್ಷರದ ಧ್ವನಿಯಲ್ಲ, ಆಕಾರ. ಇಳಿ, ಕೊಂಬು, ಒತ್ತು ಎಂದು ಅಕ್ಷರವನ್ನು ಬಿಡಿಬಿಡಿಯಾಗಿ ಜೋಡಿಸಬೇಕು. ಯಾವ ತುಂಡು ಯಾವ ಕೀಲಿಯಲ್ಲಿದೆಯೆಂದು ಕಂಠಪಾಠ ಮಾಡಬೇಕು. ಆದುದರಿಂದ ಪ್ರಶ್ನಪತ್ರಿಕೆಗಳನ್ನು ಸ್ಟೆನ್ಸಿಲ್ ಹಾಳೆಯ ಮೇಲೆ ಕೈಯಿಂದಲೇ ಬರೆಯುತ್ತಿದ್ದೆವು.

ಗಣಕಯಂತ್ರದಲ್ಲಿ ಈ ತೊಡಕನ್ನು ಬಿಡಿಸಿದವರಲ್ಲಿ ಪ್ರಮುಖರು ಮಂಗಳೂರಿನ ಸಮೀಪದ ಕಿನ್ನಿಕಂಬಳದ ಪದ್ಮನಾಭ ರಾಯರು, ಅಂದರೆ ಕೆ. ಪಿ. ರಾವ್. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಗೌರವಾರ್ಥ ತಮ್ಮ ತಂತ್ರಾಂಶಕ್ಕೆ 'ಸೇಡಿಯಾಪು' ಎಂದೇ ಹೆಸರಿಟ್ಟವರು ಅವರು. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳು. ಇಂಗ್ಲಿಷ್ ಅಕ್ಷರಗಳ ಕೀಲಿಗಳು 26. ಶಿಫ್ಟ್ ಒತ್ತಿದರೆ 52 ಸ್ಥಾನಗಳು ದೊರೆಯುತ್ತವೆ. 'ಕೆ' ಕೀಲಿಯನ್ನು ಒತ್ತಿದರೆ ಕ. ಶಿಫ್ಟಿನೊಡನೆ ಒತ್ತಿದರೆ ಖ. ಅಲ್ಪಪ್ರಾಣದ ಜೊತೆಯಲ್ಲೇ ಮಹಾಪ್ರಾಣ! ಟ ಮತ್ತು ಡ ಮಾತ್ರ 'ಕ್ಯೂ' ಮತ್ತು 'ಡಬ್ಲ್ಯು' ಕೀಲಿಗಳಲ್ಲಿವೆ; ಅಷ್ಟನ್ನು ನೆನಪಿಡಬೇಕು. ವ್ಯಂಜನದ ಮುಂದೆ ಸ್ವರವನ್ನು ಒತ್ತಿದರೆ ಕಾಗುಣಿತ ತಾನಾಗಿ ಮೂಡುತ್ತದೆ. ಕ ಮತ್ತು ಷಗಳ ನಡುವೆ 'ಎಫ್' ಕೀಲಿಯನ್ನು ಒತ್ತಿದರೆ ಕ್ಷ ಸಿದ್ಧ. ಒತ್ತಕ್ಷರದ ಆಕಾರವನ್ನು ರಚಿಸುವ ಹೊಣೆ ಯಂತ್ರದ್ದು. ಉಚ್ಚಾರದ ಕ್ರಮವನ್ನು ತಿಳಿದಿರುವ ಹೊಣೆ ನಮ್ಮದು. ಕೀಲಿಮಣೆಯ ವಿನ್ಯಾಸಕಾರನು ಹೊಸ ವಿದ್ಯೆಯನ್ನು ನಮ್ಮ ಮೇಲೆ ಹೇರಲಿಲ್ಲ. ಒಂದನೆಯ ತರಗತಿಯಲ್ಲಿ ಕಲಿತದ್ದನ್ನೇ ಬಳಸಿಕೊಂಡನು. ಉತ್ತಮ ವಿನ್ಯಾಸದ ಗುಟ್ಟು ಇದೇ ಎಂದು ನನ್ನ ನಂಬಿಕೆ. ಕರ್ನಾಟಕ ಸರಕಾರದ 'ನುಡಿ' ತಂತ್ರಾಂಶದಲ್ಲಿ ಇದೇ ವಿನ್ಯಾಸವಿದೆ. ರಾಯರು ಇದನ್ನು ತಮ್ಮ ಸ್ವತ್ತಾಗಿ ಕಾಯ್ದಿರಿಸದೆ ಕನ್ನಡಿಗರೆಲ್ಲರ ಬಳಕೆಗೆ ಬಿಟ್ಟುಕೊಟ್ಟರು.

ಈಗ ನನ್ನ ಮನೆಯ ಮಾತು. ಬೇರೆ ಮಾಧ್ಯಮದಲ್ಲಿ ಓದುತ್ತಿರುವ ನನ್ನ ಮೊಮ್ಮಗಳ ಬೆರಳು ಕೀಲಿಮಣೆಯ ಮೇಲೆ ನನಗಿಂತ ಹತ್ತು ಪಟ್ಟು ಚುರುಕು. ಆದರೆ ಈ ಲೇಖನಕ್ಕೆ ನೆರವಾಗಲು ಕುಳಿತವಳು 'ವಿದ್ಯಾರ್ಥಿ' ಎಂಬಲ್ಲಿಯೇ ನಿಂತುಬಿಟ್ಟಳು. "ಅಜ್ಜ, ಇಲ್ಲಿ ಯಾವ ತ?" ಎಂದಳು. "ಥ ಮಗಾ, ಶಿಫ್ಟ್ ಒತ್ತು" ಎಂದೆ. ಬೆರಳು ಅವಳದು, ಅಕ್ಷರ ನನ್ನದು. ಹೀಗೆ ಇಬ್ಬರೂ ಸೇರಿ ಮೊದಲ ಪುಟವನ್ನು ಮುಗಿಸಿದೆವು. ಉಳಿದುದನ್ನು ನಾನೊಬ್ಬನೇ ಟೈಪು ಮಾಡಿದೆ. ಅವಳೀಗ ದಿನಕ್ಕೊಂದು ವರ್ಗದ ಅಕ್ಷರಗಳನ್ನು ಕಲಿಯುತ್ತಿದ್ದಾಳೆ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ "ಕನ್ನಡ ಕಲಿತು ಏನು ಪ್ರಯೋಜನ?" ಎಂಬ ಪ್ರಶ್ನೆಯನ್ನು ಹೆತ್ತವರಿಂದ ಕೇಳುತ್ತಲೇ ಬಂದಿದ್ದೇವೆ. ಯಂತ್ರಕ್ಕೆ ಕನ್ನಡ ಬಾರದೆಂಬ ನೆಪ ಈಗ ಉಳಿದಿಲ್ಲ. ಕೀಲಿಮಣೆ ಸಿದ್ಧವಾಗಿದೆ, ಅದರ ಮುಂದೆ ಕುಳಿತ ಮಗುವಿಗೆ ವರ್ಣಮಾಲೆ ತಿಳಿದಿರಬೇಕು, ಅಷ್ಟೆ. ಅದನ್ನು ಕಲಿಸಲು ನಮ್ಮ ಶಾಲೆಯಿದೆ. ದೂರದ ಊರುಗಳಲ್ಲಿರುವ ನನ್ನ ವಿದ್ಯಾರ್ಥಿಗಳು ಶಾಲೆಗೊಂದು ಕಾಗದವನ್ನು ಕನ್ನಡದಲ್ಲೇ ಟೈಪು ಮಾಡಿ ಕಳುಹಿಸಲಿ. ತಪ್ಪುಗಳಿದ್ದರೆ ತಿದ್ದಲು ನಾನಿನ್ನೂ ಇದ್ದೇನೆ.