ಹುಲ್ಲಿನ ಬೀಜಕ್ಕೆ ಹೊದಿಕೆ

ಕಲಬುರಗಿಯ ಒಂದು ಶಾಲೆಯ ಅಂಗಳದಲ್ಲಿ ಕೆಲವು ವರ್ಷಗಳ ಹಿಂದೆ ನಾವು ನಾಲ್ಕಾರು ಮಂದಿ ಸೇರಿ ಗರಿಕೆಯ ಬೀಜವನ್ನು ಬಿತ್ತಿದೆವು. ಕಬಡ್ಡಿಯಾಡುವ ಮಕ್ಕಳ ಮೊಣಕಾಲು ತರಚದಿರಲಿ, ಬೇಸಗೆಯ ಧೂಳು ತರಗತಿಗಳೊಳಗೆ ನುಗ್ಗದಿರಲಿ ಎಂಬುದು ಉದ್ದೇಶ. ಬೀಜದ ಹಣವನ್ನು ಮೇಲಿನ ತರಗತಿಯ ವಿದ್ಯಾರ್ಥಿಗಳೇ ಕೂಡಿಸಿದ್ದರು. ಜೂನ್ ತಿಂಗಳಲ್ಲಿ ನೆಲವನ್ನು ಹದಗೊಳಿಸಿ, ಬಿತ್ತಿ, ಮೇಲೆ ಕೈಯಾಡಿಸಿ ಬಿಟ್ಟೆವು. ಮೂರನೆಯ ಸಂಜೆ ಗುಡುಗಿನೊಡನೆ ಮಳೆ ಸುರಿಯಿತು. ಹದಿನೈದು ದಿನಗಳ ಮೇಲೆ ನೋಡಿದರೆ ಅಂಗಳವೆಲ್ಲ ಬರಿದು. ಇಳಿಜಾರಿನ ಕೊನೆಗೆ, ಗೋಡೆಯ ಬುಡದಲ್ಲಿ ಮಾತ್ರ ಗೇಣಗಲದ ಹಸುರು ಪಟ್ಟಿ! ಬೀಜ ಜೊಳ್ಳಾಗಿರಲಿಲ್ಲವೆಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ. ತಪ್ಪು ನಮ್ಮದು. ಬೀಜದ ಮೇಲೆ ನಾವು ಏನನ್ನೂ ಹೊದಿಸಿರಲಿಲ್ಲ.

ನಮ್ಮ ಕಡೆಯವರು ಕರಕಿ ಎಂದು ಕರೆಯುವ ಈ ಗರಿಕೆಯ ಸಸ್ಯಶಾಸ್ತ್ರೀಯ ನಾಮ ಸೈನೊಡಾನ್ ಡ್ಯಾಕ್ಟಿಲಾನ್. ಸಾಮಾನ್ಯವಾಗಿ ತೋಟಗಾರರು ಇದರ ಬೇರುತುಂಡುಗಳನ್ನೇ ನೆಡುವರು; ವಿಸ್ತಾರವಾದ ಬಯಲಾದರೆ ಬೀಜ ಬಿತ್ತುವುದೂ ಉಂಟು. ಸಿಪ್ಪೆ ಸುಲಿದ ಬೀಜ ಒಂದು ಗ್ರಾಮಿಗೆ ಸುಮಾರು 4,000 ತೂಗುವುದು. ಎಂದರೆ ಒಂದು ಬೀಜದ ತೂಕ ಒಂದು ಮಿಲಿಗ್ರಾಮಿನ ಕಾಲುಭಾಗ. ಬಿರುಮಳೆಯ ದೊಡ್ಡ ಹನಿಯನ್ನು ಇದರೊಡನೆ ಹೋಲಿಸಿ ನೋಡೋಣ. 5 ಮಿಲಿಮೀಟರ್ ವ್ಯಾಸದ ಹನಿ ಸುಮಾರು 65 ಮಿಲಿಗ್ರಾಂ ತೂಗುವುದು; ನೆಲವನ್ನು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 9 ಮೀಟರ್. ತನಗಿಂತ 260 ಪಟ್ಟು ತೂಕದ ವಸ್ತುವೊಂದು ಆ ವೇಗದಲ್ಲಿ ಪಕ್ಕದಲ್ಲಿ ಬಂದು ಬಿದ್ದರೆ ಬೀಜವು ಇದ್ದಲ್ಲಿಯೇ ಇದ್ದೀತೆ? ಹನಿಯು ಮಣ್ಣನ್ನು ಸಿಡಿಸುವುದು. ಹರಿವ ನೀರು ಬೀಜವನ್ನು ತೇಲಿಸಿಕೊಂಡು ತಗ್ಗಿಗೆ ಒಯ್ಯುವುದು. ನಮ್ಮ ಅಂಗಳದಲ್ಲಿ ನಡೆದದ್ದು ಇಷ್ಟೆ.

ಬೀಜವನ್ನು ಆಳಕ್ಕೆ ಹೂಳಬಹುದಲ್ಲವೆ ಎಂದು ವಾಚಕರು ಕೇಳಬಹುದು. ಆಗದು. ಇಷ್ಟು ಚಿಕ್ಕ ಬೀಜದಲ್ಲಿರುವ ಆಹಾರ ಸಂಗ್ರಹ ಅತ್ಯಲ್ಪ; ಮೊಳಕೆಯು ಬೆಳಕನ್ನು ಕಾಣುವ ಮೊದಲೇ ಆ ಬುತ್ತಿ ಮುಗಿದುಹೋಗುವುದು. ಆರು ಮಿಲಿಮೀಟರಿಗಿಂತ ಆಳಕ್ಕೆ ಇದನ್ನು ಇಳಿಸಬಾರದು. ಆದರೆ ಮೇಲಿನ ಈ ಆರು ಮಿಲಿಮೀಟರ್ ಮಣ್ಣೇ ಎಲ್ಲಕ್ಕಿಂತ ಬೇಗ ಒಣಗುವ ಪದರ. ಕಲಬುರಗಿಯ ಎರೆಮಣ್ಣು ಬಸಾಲ್ಟ್ ಶಿಲೆಯಿಂದ ಹುಟ್ಟಿದ್ದು. ನೀರುಂಡಾಗ ಹಿಗ್ಗಿ, ಒಣಗಿದಾಗ ಕುಗ್ಗುವ ಜೇಡಿ ಅದರಲ್ಲಿ ಹೇರಳ. ಒಂದು ಅಡಿ ಕೆಳಗೆ ತೇವ ಹಾಗೆಯೇ ಇದ್ದರೂ ಮೇಲ್ಮೈ ಮಾತ್ರ ಒಂದೆರಡು ದಿನಗಳ ಬಿಸಿಲಿಗೆ ಪುಡಿಯಾಗುವುದು, ಮತ್ತೆ ಕೆಲವು ದಿನಗಳಿಗೆ ಬಿರಿಯುವುದು. ಬಿರುಕಿಗೆ ಬಿದ್ದ ಬೀಜ ಮತ್ತೆ ಮೇಲೆ ಬರುವಂತಿಲ್ಲ.

ಒಣಗುವುದರಲ್ಲಿಯೂ ಒಂದು ಸೂಕ್ಷ್ಮವುಂಟು. ಬೀಜವು ನೀರನ್ನು ಹೀರಿ ಉಬ್ಬಿದ ಮೊದಲ ಹಂತದಲ್ಲಿ ಅದು ಒಣಗಿದರೆ ಅಷ್ಟಾಗಿ ಬಾಧಕವಿಲ್ಲ. ಮತ್ತೆ ನೀರು ಸಿಕ್ಕಾಗ ಅದು ಮುಂದುವರಿಯುವುದು. ಆದರೆ ಬೇರಿನ ತುದಿಯು ಒಮ್ಮೆ ಹೊರಕ್ಕೆ ಇಣುಕಿತೆಂದರೆ ಹಿಂದಿರುಗುವ ದಾರಿಯಿಲ್ಲ. ಅಂದಿನಿಂದ ಒಂದು ಮಧ್ಯಾಹ್ನದ ಬರವೂ ಅದಕ್ಕೆ ಮರಣವೇ. ಗರಿಕೆಯು ಮೊಳೆಯಲು ಒಂದರಿಂದ ಮೂರು ವಾರ ಬೇಕು. ಜೂನ್ ತಿಂಗಳ ಮಳೆ ನಮ್ಮಲ್ಲಿ ಅಷ್ಟು ಕಾಲ ಬಿಡುವಿಲ್ಲದೆ ಬರುವುದೆಂದು ಯಾರು ಹೇಳಬಲ್ಲರು? ಕೊಡ ನೀರಿಗೂ ಕಾಯುವ ಓಣಿಯಲ್ಲಿ ದಿನಕ್ಕೆ ಮೂರು ಸಲ ಹುಲ್ಲಿಗೆ ನೀರೆರೆಯುವುದೂ ಸಾಧ್ಯವಿಲ್ಲದ ಮಾತು.

ಹೊದಿಕೆಯು ಇಲ್ಲಿ ನೆರವಾಗುವುದು. ಹನಿಯ ಪೆಟ್ಟನ್ನು ಅದು ತಾನು ತಿನ್ನುವುದು. ಬಿಸಿಲನ್ನು ತಡೆದು ನೆಲವನ್ನು ತಂಪಾಗಿಡುವುದು. ಇವೆರಡಕ್ಕಿಂತ ಮಿಗಿಲಾದ ಕೆಲಸ ಮತ್ತೊಂದಿದೆ. ಒದ್ದೆ ಮಣ್ಣಿನಿಂದ ಏಳುವ ಆವಿಯನ್ನು ಗಾಳಿಯು ಒಡನೊಡನೆಯೇ ಗುಡಿಸಿಕೊಂಡು ಹೋಗುವುದರಿಂದಲೇ ನೆಲ ಅಷ್ಟು ಬೇಗ ಒಣಗುವುದು. ಹುಲ್ಲಿನ ಎಳೆಗಳ ನಡುವೆ ಸಿಕ್ಕಿಬಿದ್ದ ನಿಶ್ಚಲ ಗಾಳಿಯು ಆವಿಯಿಂದ ತುಂಬಿಕೊಳ್ಳುವುದು. ತುಂಬಿದ ಗಾಳಿಗೆ ಮತ್ತಷ್ಟು ಆವಿಯನ್ನು ಕೊಡಲು ಮಣ್ಣಿಗೆ ಕಷ್ಟವಾಗುವುದು.

ಹಾಗಾದರೆ ದಪ್ಪವಾಗಿ ಹೊದಿಸಿದಷ್ಟೂ ಒಳ್ಳೆಯದೆ? ಇಲ್ಲ. ಗರಿಕೆಯ ಬೀಜವು ಬೆಳಕಿದ್ದರೆ ಚೆನ್ನಾಗಿ ಮೊಳೆಯುವ ಜಾತಿಯದು. ಹಗಲು ಕಾವು, ಇರುಳು ತಂಪು ಎಂಬ ಏರಿಳಿತವೂ ಅದಕ್ಕೆ ಹಿತ. ಹೊದಿಕೆಯ ಸಂದುಗಳಲ್ಲಿ ಅಲ್ಲಲ್ಲಿ ನೆಲ ಕಾಣುತ್ತಿರಬೇಕು. ಒಣಹುಲ್ಲಾದರೆ ಚದರ ಮೀಟರಿಗೆ 300ರಿಂದ 400 ಗ್ರಾಂ ಸಾಕು.

ಇನ್ನು ಯಾವ ವಸ್ತು ಎಂಬ ಪ್ರಶ್ನೆ. ಜೋಳದ ನಾಡಿನಲ್ಲಿ ಮೊದಲು ಕೈಗೆ ಸಿಗುವುದು ಕಣಿಕೆ. ಅದು ದನದ ಬಾಯಿಂದ ಕಸಿದದ್ದು ಎಂಬ ಸಂಕೋಚವನ್ನು ಬಿಟ್ಟರೂ ಎರಡು ತೊಡಕುಗಳಿವೆ. ದಪ್ಪ ದಂಟುಗಳು ನೆಲಕ್ಕೆ ಒತ್ತಿ ಕೂರುವುದಿಲ್ಲ. ಅಲ್ಲದೆ ಜೋಳದ ಗಿಡವು ಇತರ ಸಸ್ಯಗಳ ಬೆಳವಣಿಗೆಯನ್ನು ತಡೆಯುವ ರಾಸಾಯನಿಕಗಳನ್ನು ಹೊಂದಿದೆ: ಬೇರಿನಿಂದ ಒಸರುವ ಸಾರ್ಗೋಲಿಯೋನ್ ಒಂದು, ದಂಟು ಎಲೆಗಳಲ್ಲಿರುವ ಫಿನಾಲಿಕ ಆಮ್ಲಗಳು ಇನ್ನೊಂದು ಬಗೆ. ಮಳೆಯಲ್ಲಿ ನೆನೆದ ಕಣಿಕೆಯ ಕಷಾಯವು ಕಾಲು ಮಿಲಿಗ್ರಾಮಿನ ಬೀಜಕ್ಕೆ ಒಳ್ಳೆಯ ಪಥ್ಯವಲ್ಲ. ತೊಗರಿಯ ಹೊಟ್ಟು ಜಿಲ್ಲೆಯಲ್ಲಿ ರಾಶಿಯಾಗಿ ದೊರೆಯುವುದು. ಆದರೆ ಆಷಾಢದ ಗಾಳಿ ಅದನ್ನು ನೆರೆಮನೆಗೆ ಸಾಗಿಸುವುದು. ಕಬ್ಬಿನ ರವದಿಯು ಕೊಳೆಯಲು ನಿಧಾನ. ನನ್ನ ಮತವನ್ನು ಕೇಳಿದರೆ ಬತ್ತದ ಹುಲ್ಲೇ ಮೇಲು. ಕೃಷ್ಣೆಯ ಕಾಲುವೆಗಳ ಪ್ರದೇಶವಾದ ಯಾದಗಿರಿ, ರಾಯಚೂರುಗಳಿಂದ ಅದನ್ನು ತರಿಸಬಹುದು; ಎಳೆ ಮೃದು, ನೆನೆದರೆ ನೆಲಕ್ಕೆ ಅಂಟಿಕೊಳ್ಳುವುದು. ಕಾಳು ಉಳಿದಿರದಂತೆ ಮೊದಲೇ ಒದರಬೇಕು, ಇಲ್ಲವಾದರೆ ಅಂಗಳದಲ್ಲಿ ಹುಲ್ಲಿಗೆ ಮೊದಲು ಬತ್ತವೇ ತಲೆಯೆತ್ತೀತು. ಗೆದ್ದಲಿರುವ ನೆಲದಲ್ಲಿ ಒಣಹುಲ್ಲಿಗಿಂತ ಜರಡಿ ಹಿಡಿದ ಹಳೆಯ ಗೊಬ್ಬರದ ತೆಳುಪದರವೇ ಲೇಸು. ಹುಲ್ಲನ್ನು ಮಣ್ಣಿನೊಳಗೆ ಬೆರೆಸಲಂತೂ ಬಾರದು. ಬೆರೆಸಿದರೆ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಬಳಸಿಕೊಂಡು ಎಳೆಯ ಸಸಿಗಳನ್ನು ಹಸಿವಿನಲ್ಲಿ ಕೆಡಹುವುವು.

ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮಾತನ್ನು ಇಲ್ಲಿ ಹೇಳಲೇಬೇಕು. ತಣ್ಣನೆಯ ದೇಶಗಳಲ್ಲಿ ನೆಲವನ್ನು ಬೆಚ್ಚಗಿಡಲು ಅದನ್ನು ಹಾಸುವರು. ಅದನ್ನು ಓದಿದ ನಾನು ಮನೆಯಂಗಳದ ಒಂದು ಪಾತಿಗೆ ಹಾಸಿ ನೋಡಿದೆ. ನಾಲ್ಕು ದಿನ ಮಳೆಯಿಲ್ಲದೆ ಬಿಸಿಲು ಕಾಯಿತು. ಒಂದು ಎಳೆಯೂ ಮೊಳೆಯಲಿಲ್ಲ. ಬೆಳಕನ್ನು ಒಳಗೆ ಬಿಟ್ಟು ಶಾಖವನ್ನು ಹೊರಗೆ ಬಿಡದ ಆ ಹಾಳೆಯಡಿ ಒದ್ದೆ ಮಣ್ಣು 50 ಡಿಗ್ರಿ ಸೆಂಟಿಗ್ರೇಡನ್ನು ಮೀರಬಲ್ಲುದು. ಇಸ್ರೇಲಿನಲ್ಲಿ ಯಾಕೋವ್ ಕಟಾನ್ ಮತ್ತು ಅವರ ಸಂಗಡಿಗರು 1976ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದೇ ಹಾಳೆಯನ್ನು ಮಣ್ಣಿನ ರೋಗಾಣುಗಳನ್ನೂ ಕಳೆಯ ಬೀಜಗಳನ್ನೂ ಕೊಲ್ಲಲು ಬಳಸಿದ್ದರು! ಆದುದರಿಂದ ಅದನ್ನು ಏಪ್ರಿಲ್-ಮೇ ತಿಂಗಳಲ್ಲಿ, ಬಿತ್ತುವ ಮೊದಲು, ನೀರುಣಿಸಿದ ನೆಲದ ಮೇಲೆ ಆರು ವಾರ ಹಾಸಿದರೆ ಕಳೆ ತಗ್ಗುವುದು. ಬಿತ್ತಿದ ಮೇಲೆ ಹಾಸಿದರೆ ನಾವು ಬಿತ್ತಿದ್ದೇ ಬೇಯುವುದು.

ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ ಕಮಲಾಪುರಕ್ಕೆ ಹೋದರೆ ಸಮಸ್ಯೆಯ ರೂಪವೇ ಬೇರೆ. ಅಲ್ಲಿನ ದಿಬ್ಬಗಳಲ್ಲಿ ಕೆಂಪು ಮಣ್ಣು ಸಿಗುವುದು. ಅದು ಎರೆಯಂತೆ ಬಾಯಿ ಬಿಡುವುದಿಲ್ಲ. ಹನಿಯ ಪೆಟ್ಟಿಗೆ ನುಣ್ಣನೆಯ ಕಣಗಳು ಬೇರ್ಪಟ್ಟು ರಂಧ್ರಗಳನ್ನು ಮುಚ್ಚಿ, ಬಿಸಿಲು ಬಂದೊಡನೆ ಹೆಪ್ಪುಗಟ್ಟುವುದು. ಮೊಳಕೆಯು ಆ ಹೆಪ್ಪಿನಡಿಯಲ್ಲಿಯೇ ಸೊಟ್ಟಗಾಗಿ ಸಾಯುವುದು. ಕೆಂಬಾಳೆಗೆ ಹೆಸರಾದ ಊರದು. ಒಣಗಿದ ಬಾಳೆ ಎಲೆ ಬೇಕಾದಷ್ಟು. ಆದರೆ ಇಡಿಯ ಎಲೆಯನ್ನು ಹಾಸಿದರೆ ಬೆಳಕೂ ನೀರೂ ಕೆಳಗಿಳಿಯವು. ಮಳೆ ಎಲೆಯ ಮೇಲೆಯೇ ಜಾರಿಹೋಗುವುದು. ನಡುದಂಟನ್ನು ತೆಗೆದು ಬೆರಳಗಲದ ಸೀಳುಗಳಾಗಿ ಹರಿದು ಚೆಲ್ಲಿದರೆ ಅದೇ ಎಲೆ ಒಳ್ಳೆಯ ಹೊದಿಕೆ. ಇಳಿಜಾರು ಕಡಿದಾಗಿದ್ದರೆ ಸಡಿಲ ನೆಯ್ಗೆಯ ಸೆಣಬಿನ ಬಲೆಯನ್ನು ಗೂಟ ಹೊಡೆದು ಬಿಗಿಯುವುದು ಭದ್ರ. ಅದು ಕಣ್ಣುಗಳ ಮೂಲಕ ಹುಲ್ಲನ್ನು ಮೇಲೆ ಬಿಟ್ಟು, ತಾನು ಕಾಲಕ್ರಮದಲ್ಲಿ ಕೊಳೆತು ಮಣ್ಣಾಗುವುದು. ಒತ್ತಾಗಿ ನೆಯ್ದ ಗೋಣಿತಾಟಿಗೆ ಈ ಗುಣವಿಲ್ಲ. ಮೊಳಕೆ ಕಂಡ ದಿನವೇ ಅದನ್ನು ಎತ್ತಬೇಕು.

ಕೊಪ್ಪಳ, ಗದಗ ಜಿಲ್ಲೆಗಳ ಕೆಲವು ರೈತರು ಎರೆಹೊಲದ ಮೇಲೆ ಮರಳನ್ನೇ ಹೊದಿಸುವುದನ್ನು ಬಲ್ಲವರು ಬಲ್ಲರು. ಚೀನದ ಗಾನ್ಸು ಪ್ರಾಂತದಲ್ಲಿಯೂ ಕಲ್ಲುಹರಳು ಹೊದಿಸಿದ ಹೊಲಗಳು ನೂರಾರು ವರ್ಷಗಳಿಂದ ಇವೆ. ಮರಳಿನ ದೊಡ್ಡ ರಂಧ್ರಗಳಲ್ಲಿ ನೀರು ಮೇಲಕ್ಕೇರಲಾರದು. ಆದುದರಿಂದ ಕೆಳಗಿನ ತೇವ ಕೆಳಗೇ ಉಳಿಯುವುದು. ಆದರೆ ಅದು ಮುಂದೆ ತೆಗೆಯಲಾಗದ ಹೊದಿಕೆ. ಆಟದ ಬಯಲಿಗೆ ಕಾಲು ಅಂಗುಲಕ್ಕಿಂತ ತೆಳುವಾಗಿ ಎರಚಿದರೆ ಸಾಲದೆ?

ಮರುವರ್ಷ ಆ ಶಾಲೆಯ ಅಂಗಳಕ್ಕೆ ಬತ್ತದ ಹುಲ್ಲನ್ನು ಹರಡಿ, ಗಾಳಿಗೆ ಹಾರದಂತೆ ಅಡ್ಡಲಾಗಿ ಹುರಿ ಕಟ್ಟಿದೆವು. ಒಂಬತ್ತನೆಯ ದಿನ ಹುಡುಗನೊಬ್ಬನು ಹುಲ್ಲನ್ನು ಬೆರಳಿನಿಂದ ಸರಿಸಿ, ಸೂಜಿಯಂಥ ಹಸುರು ಮೊನೆಗಳನ್ನು ತೋರಿಸಿದನು. ಅವು ಎರಡು ಅಂಗುಲ ಬೆಳೆದ ಮೇಲೆ ಹೊದಿಕೆಯ ಅರ್ಧವನ್ನು ಒಂದು ಮೋಡದ ಸಂಜೆ ಮೆಲ್ಲನೆ ಎತ್ತಿದೆವು. ನಡುಹಗಲಿನಲ್ಲಿ ಎತ್ತಿದ್ದರೆ ನೆರಳಿನಲ್ಲಿ ಬೆಳೆದ ಎಲೆಗಳು ಬಿಸಿಲಿಗೆ ಬಾಡುತ್ತಿದ್ದುವು. ಉಳಿದರ್ಧವನ್ನು ಎತ್ತಲಿಲ್ಲ, ಶ್ರಾವಣ ಮುಗಿಯುವಷ್ಟರಲ್ಲಿ ಅದು ಹುಲ್ಲಿನ ನಡುವೆ ಎಲ್ಲಿತ್ತೆಂದು ತಿಳಿಯದಂತೆ ಕೊಳೆತುಹೋಗಿತ್ತು.