ಅಂಡಾಶಯದ ಕ್ಯಾನ್ಸರ್: ಕತ್ತರಿ ಮೊದಲೋ, ಕೀಮೋ ಮೊದಲೋ

ಅಂಡಾಶಯದ ಕ್ಯಾನ್ಸರ್ ಪತ್ತೆಯಾಗುವ ಹೊತ್ತಿಗೆ ಬಹುಪಾಲು ಮಹಿಳೆಯರಲ್ಲಿ ಅದು ಅಂಡಾಶಯವನ್ನು ದಾಟಿ ಹೊಟ್ಟೆಯ ಒಳಪೊರೆಯ ಮೇಲೆಲ್ಲ ಹರಡಿರುತ್ತದೆ. ಹೊಟ್ಟೆಯುಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಪದೇ ಪದೇ ಮೂತ್ರಕ್ಕೆ ಅವಸರವಾಗುವುದು ಮೊದಲಾದ ಲಕ್ಷಣಗಳು ಗ್ಯಾಸ್ಟ್ರಿಕ್ ತೊಂದರೆಯಂತೆಯೇ ತೋರುವುದರಿಂದ ಮಾತ್ರೆ ನುಂಗುವುದರಲ್ಲಿಯೇ ತಿಂಗಳುಗಳು ಕಳೆದುಹೋಗುತ್ತವೆ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2021ರಲ್ಲಿ ಅಂತಿಮ ಫಲಿತಾಂಶ ಪ್ರಕಟವಾದ ಅಧ್ಯಯನವು, ಲಕ್ಷಣಗಳಿಲ್ಲದವರಿಗೆ ಸಿಎ-125 ಎಂಬ ರಕ್ತಪರೀಕ್ಷೆಯನ್ನೋ ಸ್ಕ್ಯಾನಿಂಗನ್ನೋ ವರ್ಷವರ್ಷ ಮಾಡುವುದರಿಂದ ಈ ರೋಗದ ಸಾವುಗಳು ತಗ್ಗುವುದಿಲ್ಲವೆಂದು ತೋರಿಸಿತು. ಹೀಗಾಗಿ ಚಿಕಿತ್ಸೆಯ ಭಾರವೆಲ್ಲ ಹರಡಿದ ರೋಗವನ್ನು ಹೇಗೆ ಎದುರಿಸಬೇಕೆಂಬುದರ ಮೇಲೆಯೇ ಬೀಳುತ್ತದೆ.

ಚಿಕಿತ್ಸೆಯ ಬುನಾದಿ ಶಸ್ತ್ರಚಿಕಿತ್ಸೆ. ಗರ್ಭಕೋಶ, ಎರಡೂ ಅಂಡಾಶಯಗಳು ಮತ್ತು ಅಂಡನಾಳಗಳು, ಕರುಳಿನ ಮುಂದೆ ಇಳಿಬಿದ್ದಿರುವ ಒಮೆಂಟಮ್ ಎಂಬ ಕೊಬ್ಬಿನ ಪದರ, ಇವುಗಳ ಜೊತೆಗೆ ಅಗತ್ಯ ಬಿದ್ದರೆ ಕರುಳಿನ ತುಂಡನ್ನೋ ಗುಲ್ಮವನ್ನೋ ತೆಗೆದು, ಕಣ್ಣಿಗೆ ಕಾಣುವ ಗಂಟು ಒಂದೂ ಉಳಿಯದಂತೆ ಮಾಡುವುದು ಇದರ ಗುರಿ. ಉಳಿದ ಗಂಟುಗಳ ಗಾತ್ರ ಹೆಚ್ಚಿದಷ್ಟೂ ರೋಗಿಯ ಆಯುಷ್ಯ ಕಿರಿದಾಗುವುದೆಂಬುದು ದಶಕಗಳ ಅನುಭವ. ಆದ್ದರಿಂದ ಯಾವ ಹೊಸ ಔಷಧ ಸಿಗುತ್ತದೆ ಎನ್ನುವುದಕ್ಕಿಂತ ಮೊದಲು, ಸ್ತ್ರೀರೋಗ ಕ್ಯಾನ್ಸರಿನಲ್ಲಿಯೇ ತರಬೇತಾದ ಶಸ್ತ್ರವೈದ್ಯರು ಇದ್ದಾರೆಯೇ ಎಂದು ವಿಚಾರಿಸುವುದು ಲೇಸು. ಗಡ್ಡೆ ಇನ್ನೂ ಅಂಡಾಶಯದೊಳಗೇ ಇದ್ದಂತೆ ತೋರಿದರೆ ಅದಕ್ಕೆ ಸೂಜಿ ಚುಚ್ಚದೆ, ಒಡೆಯದೆ, ಇಡಿಯಾಗಿ ಹೊರತೆಗೆಯುತ್ತಾರೆ, ಏಕೆಂದರೆ ಒಡೆದ ಗಡ್ಡೆಯಿಂದ ಜೀವಕೋಶಗಳು ಚೆಲ್ಲಿದರೆ ರೋಗದ ಹಂತವೇ ಮೇಲೇರುತ್ತದೆ. ಈ ಆರಂಭದ ಹಂತದಲ್ಲಿ, ಮಕ್ಕಳಾಗಬೇಕೆಂಬ ಆಸೆಯಿರುವ ಯುವತಿಯರಿಗೆ ಗರ್ಭಕೋಶವನ್ನೂ ಇನ್ನೊಂದು ಅಂಡಾಶಯವನ್ನೂ ಉಳಿಸಿಕೊಡಲು ಕೆಲವೊಮ್ಮೆ ಸಾಧ್ಯವಿದೆ.

ರೋಗ ತೀರಾ ಹರಡಿದ್ದರೆ, ಅಥವಾ ಹೊಟ್ಟೆಯಲ್ಲಿ ನೀರು ತುಂಬಿ ರೋಗಿ ನಿತ್ರಾಣಳಾಗಿದ್ದರೆ, ಬಯಾಪ್ಸಿಯಿಂದ ಖಚಿತಪಡಿಸಿಕೊಂಡು ಮೊದಲು ಮೂರು ಸುತ್ತು ಕೀಮೋಥೆರಪಿ ಕೊಟ್ಟು, ಗಂಟುಗಳು ಕುಗ್ಗಿದ ಮೇಲೆ ಶಸ್ತ್ರಚಿಕಿತ್ಸೆ ನಡೆಸಿ, ಉಳಿದ ಸುತ್ತುಗಳನ್ನು ಆಮೇಲೆ ಪೂರೈಸುತ್ತಾರೆ. 2010ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ ಈ ಎರಡು ಕ್ರಮಗಳಲ್ಲಿ ಬದುಕುಳಿದ ಅವಧಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಹಾಗಾಗಿ ‘ಕೀಮೋ ಮೊದಲು’ ಎಂದು ವೈದ್ಯರು ಹೇಳಿದರೆ ಕೈಚೆಲ್ಲಿದರೆಂದು ಮನೆಯವರು ಕಂಗಾಲಾಗಬೇಕಿಲ್ಲ.

ಕಾರ್ಬೊಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಜೋಡಿ ಔಷಧವನ್ನು ಮೂರು ವಾರಕ್ಕೊಮ್ಮೆಯಂತೆ ಸಾಮಾನ್ಯವಾಗಿ ಆರು ಸುತ್ತು ಕೊಡಲಾಗುತ್ತದೆ. ಎರಡನೆಯದು ಅಮೆರಿಕದ ಪೆಸಿಫಿಕ್ ಯೂ ಮರದ ತೊಗಟೆಯಿಂದ ದೊರೆತದ್ದು. ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದವರಲ್ಲಿ ಮನ್ರೋ ವಾಲ್ ಜೊತೆಗೆ ಮಹಾರಾಷ್ಟ್ರದ ನಂದುರಬಾರಿನಲ್ಲಿ ಹುಟ್ಟಿದ ಮನ್ಸುಖ್ ವಾಣಿ ಇದ್ದರು, ಮತ್ತು 1992ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮೊದಲು ಅನುಮತಿ ದೊರೆತದ್ದು ಈ ಕಾಯಿಲೆಗೇ. ಔಷಧವನ್ನು ಕರಗಿಸಲು ಬಳಸುವ ಹರಳೆಣ್ಣೆ ಮೂಲದ ದ್ರಾವಣದಿಂದ ಅಲರ್ಜಿಯಾಗುವ ಸಂಭವವಿರುವುದರಿಂದ ಡ್ರಿಪ್ ಹಾಕುವ ಮುನ್ನ ಸ್ಟೀರಾಯ್ಡ್ ಕೊಡುತ್ತಾರೆ. ಕೂದಲು ಉದುರುವುದು ಎಲ್ಲರಿಗೂ ಗೊತ್ತಿರುವ ಮಾತು. ಬೆರಳ ತುದಿಗಳು ಜೋಮು ಹಿಡಿದು ಸೀರೆಗೆ ಪಿನ್ನು ಚುಚ್ಚುವುದೂ ಕಷ್ಟವಾಗುವುದನ್ನು ಮಾತ್ರ ರೋಗಿಗಳು ತಾವಾಗಿ ಹೇಳಿಕೊಳ್ಳುವುದು ಕಡಿಮೆ, ಆದರೆ ಔಷಧದ ಪ್ರಮಾಣವನ್ನು ತಗ್ಗಿಸಬೇಕೇ ಎಂಬುದು ಆ ಮಾತಿನ ಮೇಲೆಯೇ ನಿಂತಿರಬಹುದು.

ಇತ್ತೀಚಿನ ದೊಡ್ಡ ಬದಲಾವಣೆ ಬಂದದ್ದು ಕೀಮೋ ಮುಗಿದ ನಂತರದ ಹಂತದಲ್ಲಿ. ಬಿಆರ್‌ಸಿಎ ಎಂಬ ವಂಶವಾಹಿಗಳಲ್ಲಿ ದೋಷವಿದ್ದರೆ ಜೀವಕೋಶಕ್ಕೆ ತನ್ನ ಡಿಎನ್‌ಎಯನ್ನು ದುರಸ್ತಿ ಮಾಡಿಕೊಳ್ಳುವ ಒಂದು ದಾರಿ ಮುಚ್ಚಿರುತ್ತದೆ. ಉಳಿದ ಇನ್ನೊಂದು ದಾರಿಯನ್ನೂ ಒಲಾಪರಿಬ್‌ನಂತಹ ಮಾತ್ರೆಗಳು ತಡೆದಾಗ ಕ್ಯಾನ್ಸರ್ ಕೋಶ ಸಾಯುತ್ತದೆ. ಇಂತಹ ದೋಷವಿದ್ದು, ಮೊದಲ ಕೀಮೋಗೆ ಸ್ಪಂದಿಸಿದ ಮಹಿಳೆಯರಲ್ಲಿ ಎರಡು ವರ್ಷ ಈ ಮಾತ್ರೆ ಪಡೆದವರ ಪೈಕಿ ಏಳು ವರ್ಷಗಳ ನಂತರ ಸುಮಾರು ಶೇ 67 ಮಂದಿ ಬದುಕಿದ್ದರೆ, ಪಡೆಯದವರಲ್ಲಿ ಆ ಪ್ರಮಾಣ ಸುಮಾರು ಶೇ 46.5 ಇತ್ತು. ವಂಶವಾಹಿ ಪರೀಕ್ಷೆಯ ಫಲ ರೋಗಿಯ ಅಕ್ಕತಂಗಿಯರಿಗೂ ಹೆಣ್ಣುಮಕ್ಕಳಿಗೂ ಸಂಬಂಧಿಸಿದ್ದು, ಆದ್ದರಿಂದ ಅದನ್ನು ಕುಟುಂಬದಲ್ಲಿ ಮುಚ್ಚಿಡುವುದು ತರವಲ್ಲ.

ರೋಗ ಮರುಕಳಿಸುವುದು ಅಪರೂಪವಲ್ಲ. ಕಾರ್ಬೊಪ್ಲಾಟಿನ್ ನಿಲ್ಲಿಸಿ ಆರು ತಿಂಗಳು ಕಳೆದ ಮೇಲೆ ಮರುಕಳಿಸಿದರೆ ಅದೇ ಬಗೆಯ ಔಷಧ ಮತ್ತೆ ಫಲ ಕೊಡುವ ಸಂಭವ ಹೆಚ್ಚು. ಅದಕ್ಕೂ ಮೊದಲೇ ಬಂದರೆ ಬೇರೆ ಔಷಧಗಳತ್ತ ತಿರುಗಬೇಕಾಗುತ್ತದೆ, ಅದರ ಜೊತೆಗೇ ಹೊಟ್ಟೆಯ ನೀರನ್ನು ತೆಗೆಸುವುದು, ನೋವು ಮತ್ತು ವಾಂತಿಯನ್ನು ಹತೋಟಿಯಲ್ಲಿಡುವುದು ಮುಂತಾದ ಉಪಶಾಮಕ ಆರೈಕೆಯೂ ಆರಂಭವಾಗಬೇಕು.